ಗೂಳಿಯ ನಾಲ್ಕು ಉಚ್ಚಾರಗಳು: ಚೆಕ್ ಪ್ರಾಣಿನಾಮಗಳ ಧ್ವನಿವ್ಯತ್ಯಾಸ ಕುರಿತ ಒಂದು ಪ್ರಕರಣ ಅಧ್ಯಯನ

ಚೆಕ್ ಗಣರಾಜ್ಯದ ಪಶ್ಚಿಮ ಭಾಗವಾದ ಬೊಹೀಮಿಯದಲ್ಲಿ ಜನರು ಮನೆಮಾತಿನಲ್ಲಿ ಗೂಳಿಯನ್ನು ‘ಬೆಯ್ಕ್’ ಎನ್ನುತ್ತಾರೆ. ಪೂರ್ವಕ್ಕೆ ಮೊರಾವಿಯದೊಳಗೆ ಬಂದು ಒಲೊಮೊವ್ತ್ಸ್ ನಗರದ ಸುತ್ತಲಿನ ಹನಾ ಬಯಲನ್ನು ತಲುಪಿದರೆ, ಅಲ್ಲಿಯ ಹಳ್ಳಿಗಳ ಸಾಂಪ್ರದಾಯಿಕ ನುಡಿಯಲ್ಲಿ ಅದೇ ಪ್ರಾಣಿ ‘ಬೇಕ್’. ಮೊರಾವಿಯದ ಆಗ್ನೇಯಕ್ಕೆ, ಸ್ಲೊವಾಕಿಯ ಗಡಿಯ ಹತ್ತಿರದ ಸ್ಲೊವಾತ್ಸ್ಕೊ ಸೀಮೆಯಲ್ಲಿ ಅದು ‘ಬೀಕ್’. ಈಶಾನ್ಯ ಮೂಲೆಯಲ್ಲಿ ಒಸ್ಟ್ರವ ಮತ್ತು ಒಪಾವ ನಗರಗಳ ಸುತ್ತಲಿನ ಸಿಲೇಸಿಯದ ಹಳೆಯ ಆಡುನುಡಿಯಲ್ಲಿ ದೀರ್ಘವೇ ಇಲ್ಲದ ‘ಬಿಕ್’. ಪಠ್ಯಪುಸ್ತಕ, ವಾರ್ತೆ, ನಿಘಂಟು ಇವೆಲ್ಲವೂ ಒಪ್ಪಿಕೊಂಡಿರುವ ರೂಪ ‘ಬೀಕ್’ ಒಂದೇ.

ಪುಸ್ತಕದಲ್ಲಿರುವುದೇ ಮೂಲ, ಉಳಿದ ಮೂರು ಅದರಿಂದ ಕೆಟ್ಟು ಬಂದ ರೂಪಗಳು ಎಂಬ ತೀರ್ಮಾನ ಇಂತಹ ಸನ್ನಿವೇಶದಲ್ಲಿ ಸುಲಭವಾಗಿ ಹುಟ್ಟುತ್ತದೆ, ಮತ್ತು ಚೆಕ್ ಶಾಲೆಗಳಲ್ಲಿ ಓದಿದ ಅನೇಕರು ಇಂದಿಗೂ ಹಾಗೆಯೇ ಭಾವಿಸುತ್ತಾರೆ. ಈ ಅಧ್ಯಯನವು ಆ ತೀರ್ಮಾನವನ್ನು ಪರಿಶೀಲಿಸುತ್ತದೆ. ಗೂಳಿಯ ಹೆಸರನ್ನೇ ಮುಖ್ಯ ಪ್ರಕರಣವಾಗಿ ಇಟ್ಟುಕೊಂಡು, ಅದರ ಅಕ್ಕಪಕ್ಕದ ಕುದುರೆ, ಹುಂಜ, ಹಾವುಮೀನು, ಸುಂಡಿಲಿ, ಬಾವಲಿ, ಚಿಟ್ಟೆಗಳ ಹೆಸರುಗಳನ್ನು ಸಾಕ್ಷಿಯಾಗಿ ಕರೆದರೆ, ನಾಲ್ಕು ರೂಪಗಳಲ್ಲಿ ಯಾವುದೂ ಮೂಲವಲ್ಲ, ಯಾವುದೂ ಕೆಟ್ಟದ್ದಲ್ಲ ಎಂಬುದು ಕಾಣುತ್ತದೆ. ಪುಸ್ತಕದ ರೂಪ ಪುಸ್ತಕಕ್ಕೆ ಬಂದದ್ದು ಹಳೆಯದೆಂಬ ಕಾರಣಕ್ಕಲ್ಲ, ಒಂದು ಕಾಲದಲ್ಲಿ ನಡೆದ ಆಯ್ಕೆಯ ಕಾರಣಕ್ಕೆ.

ಚೆಕ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೇಳಿದಂತೆ ಬರೆದಿದೆ. ಹ್ರಸ್ವ ದೀರ್ಘಗಳನ್ನು ನಮ್ಮ ಲಿಪಿ ಚೆನ್ನಾಗಿ ಹಿಡಿಯುತ್ತದೆ, ‘ಞ’ಕಾರವೂ ನಮ್ಮಲ್ಲಿದೆ. ನಾಲಿಗೆಯನ್ನು ‘ರ’ಕಾರಕ್ಕೆ ಅದುರಿಸುತ್ತಲೇ ‘ಝ’ಕಾರದಂತೆ ಗಾಳಿಯನ್ನು ಉಜ್ಜಿ ಬಿಡುವ ಚೆಕ್‌ನ ವಿಶಿಷ್ಟ ವ್ಯಂಜನಕ್ಕೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ, ಪ್ರಾಣಿ ಎಂಬ ಅರ್ಥದ ‘ಜ್ವೀರ್ಝೆ’ ಎಂಬ ಪದದಲ್ಲೇ ಅದು ಇರುವುದರಿಂದ, ‘ರ್ಝ’ ಎಂದು ಕಂಡಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ ಎಂದು ಓದುಗರು ತಿಳಿಯಬೇಕು.

ಹಳೆಯ ಸ್ವರ, ನಾಲ್ಕು ಗತಿ

ಹಳೆಯ ಚೆಕ್ ಭಾಷೆಯಲ್ಲಿ ಇಂದು ‘ಇ’ ಎಂದು ಕೇಳುವ ಸ್ಥಾನದಲ್ಲಿ ಎರಡು ಬೇರೆ ಬೇರೆ ಸ್ವರಗಳಿದ್ದವು. ಒಂದು ನಮ್ಮ ‘ಇ’ಯಂತಹದು. ಇನ್ನೊಂದನ್ನು ನಾಲಿಗೆಯನ್ನು ಹಿಂದಕ್ಕೆ ಎಳೆದು, ತುಟಿಗಳನ್ನು ದುಂಡಾಗಿಸದೆ ಉಚ್ಚರಿಸುತ್ತಿದ್ದರು. ರಷ್ಯನ್ ಮತ್ತು ಪೋಲಿಷ್ ಭಾಷೆಗಳಲ್ಲಿ ಈ ಎರಡನೆಯ ಸ್ವರ ತನ್ನದೇ ರೀತಿಯಲ್ಲಿ ಇಂದಿಗೂ ಬೇರೆಯಾಗಿ ಉಳಿದಿದೆ. ಗೂಳಿಯ ಹೆಸರಿನಲ್ಲಿ ಇದ್ದದ್ದು ಈ ಹಿಂದೆಳೆದ ಸ್ವರದ ದೀರ್ಘರೂಪ.

14 ಮತ್ತು 15ನೇ ಶತಮಾನಗಳಲ್ಲಿ ಬೊಹೀಮಿಯದಲ್ಲಿ ಎರಡು ಬೆಳವಣಿಗೆಗಳು ಜೊತೆಜೊತೆಯಾಗಿ ನಡೆದವು. ಹ್ರಸ್ವವಾದ ಹಿಂದೆಳೆದ ಸ್ವರವು ಸಾಮಾನ್ಯ ‘ಇ’ಯೊಂದಿಗೆ ಬೆರೆತುಹೋಯಿತು. ದೀರ್ಘವಾದದ್ದು ಹಾಗೆ ಬೆರೆಯದೆ ಎರಡಾಗಿ ಸೀಳಿತು. ಉಚ್ಚಾರದ ಆರಂಭ ಕೆಳಗಿಳಿದು ‘ಎ’ ಆಯಿತು, ಕೊನೆ ಮೇಲೇರಿ ‘ಯ್’ ಆಯಿತು. ಹೀಗೆ ಹುಟ್ಟಿದ್ದು ‘ಬೆಯ್ಕ್’. ಎರಡು ಸ್ವರಗಳು ಕೂಡಿ ಒಂದಾಗಿ ನುಡಿಯುವ ಈ ಸಂಧ್ಯಕ್ಷರ ಹನಾ ಬಯಲಿನಲ್ಲಿ ಅಷ್ಟಕ್ಕೇ ನಿಲ್ಲದೆ ಮತ್ತೆ ಒಂದೇ ಸ್ವರವಾಗಿ ನಯಗೊಂಡಿತು, ‘ಬೇಕ್’ ಆಯಿತು. ಸ್ಲೊವಾತ್ಸ್ಕೊದಲ್ಲಿ ಸೀಳುವಿಕೆ ನಡೆಯಲೇ ಇಲ್ಲ. ಅಲ್ಲಿ ದೀರ್ಘವು ದೀರ್ಘವಾಗಿಯೇ ಉಳಿದು ಸಾಮಾನ್ಯ ‘ಈ’ಯಲ್ಲಿ ಸೇರಿಕೊಂಡಿತು. ಸಿಲೇಸಿಯದ ನುಡಿಯಲ್ಲಿ ಎಲ್ಲ ದೀರ್ಘಸ್ವರಗಳೂ ಹ್ರಸ್ವವಾದವು, ಒತ್ತು ಮೊದಲ ಅಕ್ಷರದಿಂದ ಕೊನೆಯ ಹಿಂದಿನ ಅಕ್ಷರಕ್ಕೆ ಸರಿಯಿತು, ಆದರೆ ನಾಲಿಗೆಯನ್ನು ಹಿಂದೆಳೆಯುವ ಗುಣ ಮಾತ್ರ ಉಳಿದುಕೊಂಡಿತು.

ಇದನ್ನು ಹೀಗೂ ನೋಡಬಹುದು. ‘ಬೀಕ್’ ಎನ್ನುವವರು ಹಳೆಯ ಸ್ವರದ ಉದ್ದವನ್ನು ಉಳಿಸಿಕೊಂಡು ಗುಣವನ್ನು ಕಳೆದುಕೊಂಡರು. ಸಿಲೇಸಿಯದವರು ಗುಣವನ್ನು ಉಳಿಸಿಕೊಂಡು ಉದ್ದವನ್ನು ಕಳೆದುಕೊಂಡರು. ಬೊಹೀಮಿಯದವರು ಎರಡನ್ನೂ ಕಳೆದುಕೊಂಡರೂ ಆ ಸ್ವರ ಬೇರೆಯದಾಗಿತ್ತು ಎಂಬ ಭೇದವನ್ನು ಸಂಧ್ಯಕ್ಷರದಲ್ಲಿ ಕಾಪಾಡಿಕೊಂಡರು. ಹಳೆಯ ಉಚ್ಚಾರ ಇದ್ದಂತೆಯೇ ಯಾವ ಸೀಮೆಯಲ್ಲೂ ಉಳಿದಿಲ್ಲ, ಪುಸ್ತಕದ ಭಾಷೆಯಲ್ಲೂ ಉಳಿದಿಲ್ಲ. ಬರವಣಿಗೆಯಲ್ಲಿ ಗೂಳಿಯ ಹೆಸರಿಗೆ ಹಾಕುವ ‘ವೈ’ ಅಕ್ಷರವು ಪ್ರಾಗ್‌ನಲ್ಲಿ ಯಾರೂ ಉಚ್ಚರಿಸದ ಒಂದು ಸ್ವರದ ಗುರುತು.

ಇದೇ ಸ್ವರವಿದ್ದ ಇತರ ಪ್ರಾಣಿನಾಮಗಳೂ ಇದೇ ದಾರಿಯಲ್ಲಿ ನಡೆದವು. ಬಾವಲಿ ಪುಸ್ತಕದಲ್ಲಿ ‘ನೆತೊಪೀರ್’, ಬೊಹೀಮಿಯದ ಮಾತಿನಲ್ಲಿ ‘ನೆತೊಪೆಯ್ರ್’. ಚಿಟ್ಟೆ ‘ಮೊತೀಲ್’ ಮತ್ತು ‘ಮೊತೆಯ್ಲ್’. ಕಾಲಿಲ್ಲದ ಒಂದು ಬಗೆಯ ಹಲ್ಲಿ ‘ಸ್ಲೆಪೀಶ್’ ಮತ್ತು ‘ಸ್ಲೆಪೆಯ್ಶ್’. ಕೊಂಬಿನಂತೆ ಗರಿ ನಿಂತ ದೊಡ್ಡ ಗೂಬೆ ‘ವೀರ್’ ಮತ್ತು ‘ವೆಯ್ರ್’. ಬೊಹೀಮಿಯ ಮತ್ತು ಮೊರಾವಿಯಗಳ ಹಳ್ಳಿಗಳಿಂದ ಇಂತಹ ವ್ಯತ್ಯಾಸಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯ 1960ರ ದಶಕದಲ್ಲಿ ಆರಂಭವಾಗಿ, ಅದರ ಫಲವಾದ ಚೆಕ್ ಭಾಷಾ ಭೂಪಟಸಂಪುಟ 1992ರಿಂದ 2005ರ ನಡುವೆ ಐದು ಸಂಪುಟಗಳಲ್ಲಿ ಪ್ರಕಟವಾಯಿತು. ಆ ಭೂಪಟಗಳ ಗೆರೆಗಳನ್ನು ನೋಡಿದರೆ ‘ಕೆಟ್ಟ ಉಚ್ಚಾರ’ ಎಂಬ ಮಾತಿಗೆ ನೆಲೆಯೇ ಇರುವುದಿಲ್ಲ. ತಪ್ಪುಗಳು ಎಲ್ಲೆಂದರಲ್ಲಿ ಚದುರುತ್ತವೆ. ಇವು ನೂರಾರು ಹಳ್ಳಿಗಳನ್ನು ಒಟ್ಟಾಗಿ ಸುತ್ತುವರಿದ ಗಡಿಗಳು.

ಪುಸ್ತಕದ ರೂಪ ಎಲ್ಲಿಂದ ಬಂತು

‘ಬೆಯ್ಕ್’ ಎಂಬ ಉಚ್ಚಾರಕ್ಕೆ ಆರು ಶತಮಾನಗಳ ವಯಸ್ಸಿದ್ದರೂ ಅದು ಪುಸ್ತಕವನ್ನು ಏಕೆ ಹೊಗಲಿಲ್ಲ ಎಂಬುದು ಪ್ರಕರಣದ ಮುಖ್ಯ ಪ್ರಶ್ನೆ. ಇದರ ಉತ್ತರ ಧ್ವನಿಶಾಸ್ತ್ರದಲ್ಲಿಲ್ಲ, ಚರಿತ್ರೆಯಲ್ಲಿದೆ.

1579ರಿಂದ 1590ರ ದಶಕದ ತನಕ ಮೊರಾವಿಯದ ಕ್ರಲಿತ್ಸೆ ಎಂಬ ಊರಿನಲ್ಲಿ ಚೆಕ್ ಸೋದರರು ಎಂಬ ಪ್ರೊಟೆಸ್ಟೆಂಟ್ ಪಂಥದವರು ಬೈಬಲಿನ ಅನುವಾದವನ್ನು ಆರು ಭಾಗಗಳಲ್ಲಿ ಅಚ್ಚು ಹಾಕಿಸಿದರು. ಆ ಮುದ್ರಣದ ಭಾಷೆ ಬಹಳ ಎಚ್ಚರದಿಂದ ತಿದ್ದಿದ ಭಾಷೆ. ಮಾತಿನಲ್ಲಿ ಆಗಲೇ ವ್ಯಾಪಕವಾಗಿದ್ದ ‘ಎಯ್’ ಸಂಧ್ಯಕ್ಷರವನ್ನು ಅವರು ಬಿಟ್ಟು ಹಳೆಯ ಬರಹವನ್ನೇ ಇಟ್ಟುಕೊಂಡರು, ಆದರೆ ಬೇರೆ ಕೆಲವು ಬದಲಾವಣೆಗಳನ್ನು ಒಪ್ಪಿಕೊಂಡರು. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಕ್ಯಾಥೊಲಿಕರಾದ ಹ್ಯಾಬ್ಸ್‌ಬರ್ಗ್ ದೊರೆಗಳ ವಿರುದ್ಧದ ಬೊಹೀಮಿಯದ ಬಂಡಾಯ ಸೋತ ಮೇಲೆ ಕ್ಯಾಥೊಲಿಕರಲ್ಲದ ವಿದ್ವಾಂಸರೂ ಶ್ರೀಮಂತರೂ ದೇಶ ಬಿಟ್ಟರು, ಆಡಳಿತದಲ್ಲಿ ಮತ್ತು ಉನ್ನತ ಶಿಕ್ಷಣದಲ್ಲಿ ಜರ್ಮನ್ ಭಾಷೆ ಕ್ರಮೇಣ ಮೇಲುಗೈ ಪಡೆಯಿತು. ಮುಂದಿನ ಸುಮಾರು ಎರಡು ಶತಮಾನಗಳ ಕಾಲ ಜನರ ಮಾತು ತನ್ನ ದಾರಿಯಲ್ಲಿ ಹರಿಯಿತು, ಬರಹದ ಆದರ್ಶ ಅಲ್ಲಿಯೇ ನಿಂತಿತು.

18ನೇ ಶತಮಾನದ ಕೊನೆಯಲ್ಲಿ ಭಾಷೆಯ ಪುನರುಜ್ಜೀವನ ಆರಂಭವಾದಾಗ ವ್ಯಾಕರಣಕಾರ ಯೋಸೆಫ್ ದೊಬ್ರೊವ್ಸ್ಕೀ ಅವರ ಮುಂದೆ ಎರಡು ದಾರಿಗಳಿದ್ದವು: ತಮ್ಮ ಕಾಲದ ಜನರು ಆಡುತ್ತಿದ್ದ ಚೆಕ್‌ಗೆ ವ್ಯಾಕರಣ ಬರೆಯುವುದು, ಇಲ್ಲವೇ 16ನೇ ಶತಮಾನದ ಮುದ್ರಣಗಳ ಚೆಕ್‌ಗೆ ಹಿಂದಿರುಗುವುದು. 1809ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವರ ದೊಡ್ಡ ವ್ಯಾಕರಣ ಎರಡನೆಯ ದಾರಿಯನ್ನು ಹಿಡಿಯಿತು. ನಂತರ 1830ರ ದಶಕದಲ್ಲಿ ಬಂದ ಯೋಸೆಫ್ ಯುಂಗ್‌ಮನ್ ಅವರ ಐದು ಸಂಪುಟಗಳ ನಿಘಂಟು ಹೊಸ ಸಾಹಿತ್ಯಭಾಷೆಗೆ ಶಬ್ದಸಂಪತ್ತನ್ನು ಒದಗಿಸಿತು. ಹೀಗೆ ಬೊಹೀಮಿಯದ ಬಹುಪಾಲು ಜನ ಆಡದಿದ್ದ ‘ಬೀಕ್’ ಇಡೀ ದೇಶದ ಶಿಷ್ಟ ಉಚ್ಚಾರವಾಯಿತು. ದೊಬ್ರೊವ್ಸ್ಕೀ ಅವರ ಆಯ್ಕೆಯನ್ನು ನಾನು ಹಳಿಯಲಾರೆ. ಆ ಹೊತ್ತಿಗೆ ಗೌರವಯುತವಾದ, ಬೊಹೀಮಿಯ ಮೊರಾವಿಯಗಳೆರಡೂ ಒಪ್ಪಬಹುದಾಗಿದ್ದ ಬರಹದ ಮಾದರಿ ಅದೊಂದೇ ಆಗಿತ್ತು. ಆದರೆ ಆಯ್ಕೆಯನ್ನು ಆಯ್ಕೆ ಎಂದೇ ಕರೆಯಬೇಕು. ಅದನ್ನು ಶುದ್ಧಿ ಎಂದು ಕರೆದಾಗ ಬೊಹೀಮಿಯದ ಮಗುವಿಗೆ ತನ್ನ ತಾಯಿಯ ಮಾತು ಅಶುದ್ಧ ಎಂಬ ಪಾಠ ಸಿಗುತ್ತದೆ.

ಆಯ್ಕೆ ಎಷ್ಟು ಆಕಸ್ಮಿಕವಾಗಿತ್ತು ಎಂಬುದಕ್ಕೆ ಬೇರೆ ಪ್ರಾಣಿಗಳು ಸಾಕ್ಷಿ ನುಡಿಯುತ್ತವೆ. ಕುದುರೆಯ ಹೆಸರು ಮೊದಲು ‘ಕೋಞ್’ ಆಗಿತ್ತು. ‘ಓ’ ಸ್ವರ ‘ಉಒ’ ಎಂದು ಸೀಳಿ, ನಂತರ ‘ಊ’ ಆಗಿ ಕೂಡಿಕೊಂಡಿತು. ಹೀಗೆ ‘ಕೂಞ್’ ಬಂತು. ಇಂದು ‘ಯು’ ಅಕ್ಷರದ ನೆತ್ತಿಯ ಮೇಲೆ ಬರೆಯುವ ಪುಟ್ಟ ಉಂಗುರ ಆ ಸಂಧ್ಯಕ್ಷರದಲ್ಲಿದ್ದ ‘ಒ’ಕಾರದ ಅವಶೇಷ. ‘ಕುದುರೆಯ’ ಎನ್ನುವಾಗ ಸ್ವರ ಹ್ರಸ್ವವಾಗಿದ್ದುದರಿಂದ ಅದಕ್ಕೆ ಈ ಬದಲಾವಣೆ ತಟ್ಟಲಿಲ್ಲ, ‘ಕೊಞೆ’ ಎಂಬಲ್ಲಿ ಹಳೆಯ ‘ಒ’ ಇಂದಿಗೂ ಕೇಳಿಸುತ್ತದೆ. ಎತ್ತಿನ ಹೆಸರಾದ ‘ವೂಲ್’ ಮತ್ತು ‘ಎತ್ತಿನ’ ಎಂಬ ಅರ್ಥದ ‘ವೊಲ’ ಎಂಬಲ್ಲಿಯೂ ಇದೇ ಕಥೆ. ಈ ಬದಲಾವಣೆ ಕ್ರಲಿತ್ಸೆಯ ಮುದ್ರಣದಲ್ಲಿ ಆಗಲೇ ಇದ್ದುದರಿಂದ ಪುಸ್ತಕದ ಭಾಷೆಗೆ ಯಾವ ತಕರಾರೂ ಇಲ್ಲದೆ ಬಂತು.

ಹುಂಜದ ಪ್ರಕರಣ ಇನ್ನೂ ಸೊಗಸಾದುದು. ಹಳೆಯ ‘ಕೊಹೂತ್’ ಬೊಹೀಮಿಯದಲ್ಲಿ ‘ಕೊಹೊವ್ತ್’ ಆಯಿತು, ಹನಾದಲ್ಲಿ ‘ಕೊಹೋತ್’, ಸಿಲೇಸಿಯದಲ್ಲಿ ‘ಕೊಹುತ್’. ಆಗ್ನೇಯ ಮೊರಾವಿಯ ಮತ್ತು ಸ್ಲೊವಾಕಿಯಗಳಲ್ಲಿ ‘ಕೊಹೂತ್’ ಹಾಗೆಯೇ ಇದೆ. ಗೂಳಿಯ ನಾಲ್ಕು ರೂಪಗಳಿಗೆ ಇವು ಒಂದೊಂದಾಗಿ ಜೋಡಿ. ವ್ಯತ್ಯಾಸವೇನೆಂದರೆ ಇಲ್ಲಿ ಪುಸ್ತಕ ಆರಿಸಿಕೊಂಡದ್ದು ಸೀಳಿದ ಸ್ವರವನ್ನು, ಅಂದರೆ ‘ಕೊಹೊವ್ತ್’ ಎಂಬ ಬೊಹೀಮಿಯದ ರೂಪವನ್ನು. 1849ರ ಕಾಗುಣಿತ ಸುಧಾರಣೆಯ ತನಕ ಈ ಸಂಧ್ಯಕ್ಷರವನ್ನು ‘ಅಉ’ ಎಂಬಂತೆ ಬರೆಯುತ್ತಿದ್ದರು. ಹಳೆಯ ಪುಸ್ತಕ ತೆರೆದವರಿಗೆ ಹುಂಜವೂ ನೊಣವೂ ಬೇರೆ ವೇಷದಲ್ಲಿ ಕಾಣುತ್ತವೆ, ಉಚ್ಚಾರ ಮಾತ್ರ ಇಂದಿನದೇ. ಹಾಗೆಯೇ 1842ಕ್ಕೆ ಮೊದಲು ಜಿಂಕೆಯ ಹೆಸರಾದ ‘ಯೆಲೆನ್’ ಎಂಬುದನ್ನು ‘ಜಿ’ ಅಕ್ಷರದಿಂದ ಆರಂಭಿಸಿ ಬರೆಯುತ್ತಿದ್ದರು, ಓದುತ್ತಿದ್ದದ್ದು ‘ಯ’ ಎಂದೇ. ಕಾಗುಣಿತ ಬದಲಾದ ಮಾತ್ರಕ್ಕೆ ಉಚ್ಚಾರ ಬದಲಾಯಿತೆಂದು ತಿಳಿಯಬಾರದು.

ಈಗ ಹಾವುಮೀನನ್ನು ನೋಡೋಣ. ಅದರ ಹೆಸರು ‘ಊ’ ಸ್ವರದಿಂದಲೇ ಆರಂಭವಾಗುತ್ತದೆ: ‘ಊಹೊರ್ಝ್’. ಬೊಹೀಮಿಯದ ಜನಪದ ನುಡಿಯಲ್ಲಿ ಇದೂ ಸೀಳಿ ‘ಒವ್ಹೊರ್ಝ್’ ಆಯಿತು. ಹುಂಜದ ಹೆಸರಿನಲ್ಲಿ ನಡೆದ ಬದಲಾವಣೆಯೇ ಇದು, ಸ್ವರವೂ ಅದೇ, ಕಾಲವೂ ಅದೇ. ಆದರೆ ಪದದ ಒಳಗಿನ ‘ಒವ್’ ಅನ್ನು ಒಪ್ಪಿದ ಪುಸ್ತಕ ಪದಾದಿಯ ‘ಒವ್’ ಅನ್ನು ಒಪ್ಪಲಿಲ್ಲ, ಏಕೆಂದರೆ ಕ್ರಲಿತ್ಸೆಯ ಮಾದರಿ ಪದಾದಿಯಲ್ಲಿ ಹಳೆಯದನ್ನೇ ಇಟ್ಟುಕೊಂಡಿತ್ತು. ಪರಿಣಾಮವಾಗಿ ‘ಕೊಹೊವ್ತ್’ ಎಂದವರು ಶಿಷ್ಟರು, ‘ಒವ್ಹೊರ್ಝ್’ ಎಂದವರು ಹಳ್ಳಿಗರು. ಈ ಎರಡು ಪದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರು ಶುದ್ಧಾಶುದ್ಧದ ಮಾತನ್ನು ಮತ್ತೆ ಆಡಲಾರರು.

ಜರಡಿಯ ಕಣ್ಣಿನಿಂದ ನುಸುಳಿ ಬಂದವೂ ಇವೆ. ಸುಂಡಿಲಿಯಂತಹ ಪುಟ್ಟ ಪ್ರಾಣಿಯ ಹೆಸರು ‘ರೆಯ್ಸೆಕ್’. ನೆಲವನ್ನು ಕೆದಕುವುದು ಎಂಬ ಅರ್ಥದ ‘ರೀತ್’ ಧಾತುವಿಗೆ ಸೇರಿದ ಈ ಪದದಲ್ಲಿ ಇರುವುದು ‘ಬೆಯ್ಕ್’ ಪದದ ಅದೇ ಸಂಧ್ಯಕ್ಷರ. ಆದರೂ ಪ್ರಾಣಿಶಾಸ್ತ್ರದ ಅಧಿಕೃತ ಹೆಸರಿನಲ್ಲಿ ಅದು ‘ರೆಯ್ಸೆಕ್’ ಎಂದೇ ಇದೆ, ಯಾರೂ ಅದನ್ನು ತಿದ್ದುವುದಿಲ್ಲ. ಟಿಟ್ಟಿಭ ಹಕ್ಕಿಯ ಹೆಸರಾದ ‘ಚೆಯ್ಕ’ ಎಂಬುದನ್ನು ಮಾತ್ರ ಇದರೊಂದಿಗೆ ಸೇರಿಸಬಾರದು. ಅಲ್ಲಿಯ ‘ಎಯ್’ ಬಂದದ್ದು ಹಳೆಯ ‘ಅಯ್’ನಿಂದ, ಪೋಲಿಷ್‌ನಲ್ಲಿ ಅದು ಇಂದಿಗೂ ‘ಚಾಯ್ಕ’. ಕಿವಿಗೆ ಒಂದೇ ಆದರೂ ಹುಟ್ಟು ಬೇರೆ.

ಮುಗಿದ ಬದಲಾವಣೆ, ಮುಗಿಯದ ಬದಲಾವಣೆ

ಇಂತಹ ಅಲುಗಾಟ ಎಲ್ಲ ಪ್ರಾಣಿನಾಮಗಳಲ್ಲೂ ಇಲ್ಲ. ಹಾವಿನ ಹೆಸರು ‘ಹತ್’, ಹೆಬ್ಬಾತು ‘ಹುಸ’, ಪಾರಿವಾಳ ‘ಹೊಲುಪ್’. ಇವು ಮೂರೂ ಹಿಂದೆ ‘ಗ’ಕಾರದಿಂದ ಆರಂಭವಾಗುತ್ತಿದ್ದವು, ಪೋಲಿಷ್‌ನಲ್ಲಿ ಇಂದಿಗೂ ‘ಗ’ಕಾರವೇ ಇದೆ. 12, 13ನೇ ಶತಮಾನಗಳಲ್ಲಿ ಚೆಕ್‌ನ ‘ಗ’ಕಾರ ‘ಹ’ಕಾರವಾಯಿತು. ಬರಹದ ಆದರ್ಶ ರೂಪುಗೊಳ್ಳುವ ಬಹಳ ಮೊದಲೇ ಈ ಬದಲಾವಣೆ ಪೂರ್ಣಗೊಂಡಿದ್ದರಿಂದ, ಹಾವನ್ನು ‘ಗ’ಕಾರದಿಂದ ಕರೆಯುವವರು ಬೊಹೀಮಿಯದಲ್ಲೂ ಇಲ್ಲ, ಮೊರಾವಿಯದಲ್ಲೂ ಇಲ್ಲ. ನಂತರ ಹೊರಗಿನಿಂದ ಬಂದ ‘ಗೊರಿಲ’ ಮತ್ತು ಚೀತಾ ಎಂಬ ಅರ್ಥದ ‘ಗೆಪರ್ತ್’ ಪದಗಳಲ್ಲಿ ‘ಗ’ಕಾರ ಹಾಗೆಯೇ ಉಳಿಯಿತು. ಹಳಗನ್ನಡದ ಪುಲಿ, ಪಾವು, ಪಂದಿ, ಪಕ್ಕಿಗಳು ಹುಲಿ, ಹಾವು, ಹಂದಿ, ಹಕ್ಕಿಗಳಾದದ್ದನ್ನೂ, ಸಂಸ್ಕೃತದಿಂದ ನೇರವಾಗಿ ಪಡೆದ ಪಕ್ಷಿ ಮತ್ತು ಪಶು ಬದಲಾಗದೆ ಉಳಿದದ್ದನ್ನೂ ಬಲ್ಲ ನಮಗೆ ಇದರ ತರ್ಕ ಕೂಡಲೇ ತಿಳಿಯುತ್ತದೆ. ಎರಡು ಭಾಷೆಗಳಿಗೂ ನಂಟಿಲ್ಲ, ಬದಲಾವಣೆಯ ನಡೆ ಮಾತ್ರ ಒಂದೇ ಬಗೆಯದು.

ಮೇಲಿನ ಹೆಸರುಗಳ ಕೊನೆಯ ವ್ಯಂಜನದಲ್ಲಿ ಇನ್ನೊಂದು ವ್ಯತ್ಯಾಸ ಅಡಗಿದೆ. ಹಾವು, ಪಾರಿವಾಳಗಳ ಹೆಸರನ್ನು ‘ದ’ಕಾರ, ‘ಬ’ಕಾರಗಳಿಂದ ಮುಗಿಸಿ ಬರೆಯುತ್ತಾರೆ, ಪದಾಂತದಲ್ಲಿ ಅವು ‘ತ್’, ‘ಪ್’ ಎಂದು ಕೇಳಿಸಿ, ‘ಹದ’, ‘ಹೊಲುಬ’ ಎಂಬ ವಿಭಕ್ತಿರೂಪಗಳಲ್ಲಿ ಮತ್ತೆ ಹೊರಬರುತ್ತವೆ. ಮುಂದಿನ ಪದ ‘ಲ’, ‘ಮ’, ‘ನ’ಗಳಂತಹ ವ್ಯಂಜನದಿಂದ ಆರಂಭವಾದರೆ ಬೊಹೀಮಿಯದವರು ‘ಹತ್ ಲೆಜೀ’ ಎನ್ನುತ್ತಾರೆ, ಮೊರಾವಿಯದ ಅನೇಕರು ‘ಹದ್ ಲೆಜೀ’ ಎನ್ನುತ್ತಾರೆ. ಹಾವು ಮಲಗಿದೆ ಎಂದರ್ಥ. ಇದು ‘ಬೆಯ್ಕ್’ನಷ್ಟೇ ನಿಯತವಾದ ಪ್ರಾದೇಶಿಕ ಭೇದ. ಆದರೆ ಬರಹದಲ್ಲಿ ಕಾಣದ ಕಾರಣ ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಯಾರ ಮೇಲೂ ಇದರಿಂದ ಕಳಂಕ ಬರುವುದಿಲ್ಲ. ಜನರು ತೀರ್ಪು ಕೊಡುವುದು ಅಕ್ಷರದಲ್ಲಿ ಕಾಣುವ ವ್ಯತ್ಯಾಸದ ಮೇಲೆ ಮಾತ್ರ.

ಇಂದಿನ ಸ್ಥಿತಿ

ಬೊಹೀಮಿಯದ ದಿನಬಳಕೆಯ ಮಾತಿಗೆ ಭಾಷಾವಿಜ್ಞಾನಿಗಳು ‘ಒಬೆತ್ಸ್ನಾ ಚೆಶ್ತಿನ’, ಅಂದರೆ ಸಾಮಾನ್ಯ ಚೆಕ್ ಎನ್ನುತ್ತಾರೆ. ‘ಎಯ್’ ಸಂಧ್ಯಕ್ಷರದ ಜೊತೆಗೆ ಪದಾದಿಯ ‘ಒ’ಕಾರದ ಹಿಂದೆ ‘ವ’ಕಾರ ಸೇರಿಸುವುದೂ ಅದರ ಗುರುತು: ಹದ್ದು ‘ಒರೆಲ್’ ಎಂಬುದು ‘ವೊರೆಲ್’, ಕತ್ತೆ ‘ಒಸೆಲ್’ ಎಂಬುದು ‘ವೊಸೆಲ್’, ಕೋತಿ ‘ಒಪಿತ್ಸೆ’ ಎಂಬುದು ‘ವೊಪಿತ್ಸೆ’. ಕಣಜದ ಹುಳುವಿನ ಹೆಸರಿನಲ್ಲಿ ಈ ‘ವ’ಕಾರ ಪುಸ್ತಕಕ್ಕೂ ಏರಿಬಿಟ್ಟಿದೆ, ಪೋಲಿಷ್ ಮತ್ತು ಸ್ಲೊವಾಕ್ ಭಾಷೆಗಳಲ್ಲಿ ‘ಒಸ’ ಎಂದಿರುವುದು ಶಿಷ್ಟ ಚೆಕ್‌ನಲ್ಲಿ ‘ವೊಸ’.

ಕುಲನಾಮಗಳು ಈ ಉಚ್ಚಾರಗಳನ್ನು ಶಾಸನದಂತೆ ಕಾದಿಟ್ಟಿವೆ. 18ನೇ ಶತಮಾನದ ಕೊನೆಯಲ್ಲಿ ಹ್ಯಾಬ್ಸ್‌ಬರ್ಗ್ ಆಡಳಿತ ಕುಲನಾಮಗಳನ್ನು ಸ್ಥಿರಗೊಳಿಸಿದ ಕಾಲದಲ್ಲಿ ಅನೇಕ ಹೆಸರುಗಳು ಬಾಯಲ್ಲಿದ್ದಂತೆಯೇ ದಾಖಲೆ ಸೇರಿದ್ದವು. 2000ದಿಂದ 2010ರಲ್ಲಿ ನಿಧನರಾಗುವ ತನಕ ಚೆಕ್ ಗಣರಾಜ್ಯದ ಮೊದಲ ಓಂಬುಡ್ಸ್‌ಮನ್, ಅಂದರೆ ಆಡಳಿತದ ವಿರುದ್ಧ ಜನರ ದೂರುಗಳನ್ನು ವಿಚಾರಿಸುವ ಅಧಿಕಾರಿ, ಆಗಿದ್ದ ಒತಕರ್ ಮೊತೆಯ್ಲ್ ಅವರ ಕುಲನಾಮ ಚಿಟ್ಟೆಯ ಬೊಹೀಮಿಯನ್ ಉಚ್ಚಾರ. ಪ್ರಸಿದ್ಧ ಐಸ್ ಹಾಕಿ ಗೋಲ್‌ಕೀಪರ್ ತೊಮಾಶ್ ವೊಕೊವ್ನ್ ಅವರ ಕುಲನಾಮವು ‘ಒಕೊವ್ನ್’ ಎಂಬ ಸಿಹಿನೀರಿನ ಮೀನಿಗೆ ‘ವ’ಕಾರ ಸೇರಿ ಆದದ್ದು. ಒಂದು ಪುಟ್ಟ ಹಕ್ಕಿಯ ಹೆಸರಿನಿಂದ ಬಂದ ಸೀಕೊರ ಮತ್ತು ಸೆಯ್ಕೊರ ಎಂಬ ಎರಡು ಕುಲನಾಮಗಳೂ ಬಳಕೆಯಲ್ಲಿವೆ. ಎಳೆಗೂಳಿ ಎಂಬ ಅರ್ಥದ ಬೆಯ್ಚೆಕ್ ಎಂಬ ಕುಲನಾಮವೂ ಇದೆ. ಪ್ರಾಣಿಯ ಹೆಸರಿನಲ್ಲಿ ಅಶಿಷ್ಟವೆನಿಸಿದ ಸ್ವರ ಮನುಷ್ಯನ ಹೆಸರಿನಲ್ಲಿ ಪೂರ್ಣ ಗೌರವದಿಂದ ಉಳಿದಿದೆ.

ಇನ್ನು ಬದಲಾವಣೆಯ ದಿಕ್ಕು. ಗುಣವಾಚಕಗಳ ಕೊನೆಯಲ್ಲಿ ‘ಎಯ್’ ಬೊಹೀಮಿಯದ ಮಾತಿನಲ್ಲಿ ಇಂದಿ­ಗೂ ಗಟ್ಟಿಯಾಗಿದೆ. ಒಳ್ಳೆಯ ಎಂಬುದಕ್ಕೆ ‘ದೊಬ್ರೆಯ್’ ಎನ್ನುವುದನ್ನು ಪ್ರಾಗ್‌ನ ವಿದ್ಯಾವಂತರ ಬಾಯಲ್ಲೂ ಕೇಳಬಹುದು. ಪದದ ಬೇರಿನೊಳಗಿನ ‘ಎಯ್’ ಅಷ್ಟು ಭದ್ರವಾಗಿಲ್ಲ, ಶಾಲೆ ಮತ್ತು ಪ್ರಸಾರ ಮಾಧ್ಯಮಗಳ ಒತ್ತಡದಲ್ಲಿ ಅದು ಹಿಂದೆ ಸರಿಯುತ್ತಿದೆ. ಹಾಗೆ ಸರಿಯುವಾಗ ಎರಡು ರೂಪಗಳು ಅರ್ಥವನ್ನು ಹಂಚಿಕೊಳ್ಳತೊಡಗುತ್ತವೆ. ರಾಶಿಚಕ್ರದ ವೃಷಭ ಯಾವಾಗಲೂ ‘ಬೀಕ್’. ಮನೆಯಲ್ಲಿ ‘ಬೆಯ್ಕ್’ ಎನ್ನುವವರೂ ತಮ್ಮ ರಾಶಿಯನ್ನು ಹೇಳುವಾಗ ‘ಬೀಕ್’ ಎನ್ನುತ್ತಾರೆ. ಕಟ್ಟುಮಸ್ತಾದ ಗಂಡಸನ್ನು ಕಂಡು ಬೆರಗಾಗಿ ಹೇಳುವಾಗ ‘ಬೆಯ್ಕ್’ ಎಂದರೇ ಮಾತಿಗೆ ಬಲ. ಸಣ್ಣ ಗೂಬೆಯಾದ ‘ಸೀಚೆಕ್’ ರಾತ್ರಿ ಕೂಗಿದರೆ ಸಾವನ್ನು ಕರೆಯುತ್ತದೆ ಎಂಬ ನಂಬಿಕೆ ಚೆಕ್ ಹಳ್ಳಿಗಳಲ್ಲಿತ್ತು. ಅಪಶಕುನ ನುಡಿಯುವುದು ಎಂಬ ಅರ್ಥದ ಕ್ರಿಯಾಪದವನ್ನು ಇಂದು ‘ಸೀಚ್ಕೊವತ್’ ಎಂದೂ ‘ಸೆಯ್ಚ್ಕೊವತ್’ ಎಂದೂ ಹೇಳುತ್ತಾರೆ.

ಶಾಲೆಯ ಮಾತಿಗೆ ಬಂದರೆ, ಪ್ರಾಥಮಿಕ ಶಾಲೆಯ ಚೆಕ್ ಮಕ್ಕಳು ‘ವಿಯ್ಮೆನೊವನಾ ಸ್ಲೊವ’ ಎಂಬ ಪದಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾರೆ. ಕೆಲವು ವ್ಯಂಜನಗಳ ನಂತರ ‘ಐ’ ಅಕ್ಷರ ಬರೆಯಬೇಕೋ ‘ವೈ’ ಅಕ್ಷರ ಬರೆಯಬೇಕೋ ಎಂಬುದು ಈಗ ಕಿವಿಯಿಂದ ತಿಳಿಯದ ಕಾರಣ ‘ವೈ’ ಬರುವ ಪದಗಳನ್ನು ಎಣಿಸಿಕೊಟ್ಟಿರುವ ಪಟ್ಟಿ ಅದು. ಅದರಲ್ಲಿ ಪ್ರಾಣಿಗಳ ದೊಡ್ಡ ಹಿಂಡೇ ಇದೆ: ‘ಬ’ಕಾರದ ಪಟ್ಟಿಯಲ್ಲಿ ಗೂಳಿ ಮತ್ತು ಹೆಣ್ಣು ಕುದುರೆ, ‘ಮ’ಕಾರದಲ್ಲಿ ಇಲಿ, ಕೀಟ, ಬಸವನಹುಳು, ‘ಪ’ಕಾರದಲ್ಲಿ ಬಾವಲಿ ಮತ್ತು ಕಾಲಿಲ್ಲದ ಹಲ್ಲಿ, ‘ಸ’ಕಾರದಲ್ಲಿ ಸೀಕೊರ, ಸೀಚೆಕ್ ಮತ್ತು ನೆಲದ ಅಳಿಲು, ‘ವ’ಕಾರದಲ್ಲಿ ನೀರುನಾಯಿ ಮತ್ತು ದೊಡ್ಡ ಗೂಬೆ. ಮನೆಯಲ್ಲಿ ‘ಬೆಯ್ಕ್’, ‘ನೆತೊಪೆಯ್ರ್’, ‘ಸೆಯ್ಕೊರ’ ಎನ್ನುವ ಮಗುವಿಗೆ ಈ ಪಟ್ಟಿಯ ಒಂದು ಪಾಲು ಆಗಲೇ ಗೊತ್ತಿದೆ, ಏಕೆಂದರೆ ‘ಎಯ್’ ಕೇಳಿದಲ್ಲಿ ಹೆಚ್ಚಾಗಿ ಇದ್ದದ್ದು ಹಿಂದೆಳೆದ ಸ್ವರವೇ. ಇದಕ್ಕೆ ಅಪವಾದಗಳಿವೆ, ಗಾಡಿ ಎಂಬ ಅರ್ಥದ ‘ವೊಜೀಕ್’ ಎಂಬುದನ್ನೂ ಬೊಹೀಮಿಯದವರು ‘ವೊಜೆಯ್ಕ್’ ಎನ್ನುತ್ತಾರೆ, ಅಲ್ಲಿ ಬರೆಯಬೇಕಾದದ್ದು ‘ಐ’. ಹ್ರಸ್ವಸ್ವರದ ಇಲಿ, ನೀರುನಾಯಿ, ಹೆಣ್ಣು ಕುದುರೆಗಳಿಗೆ ಈ ಸುಳಿವು ಅನ್ವಯಿಸುವುದಿಲ್ಲ, ಹ್ರಸ್ವ ಸೀಳಲೇ ಇಲ್ಲವಲ್ಲ. ಹನಾದ ಮಗುವಿಗೆ ‘ಬೇಕ್’ ಎಂಬುದು ಇಂತಹದೇ ಸುಳಿವು. ಸಿಲೇಸಿಯದ ಹಳೆಯ ನುಡಿ ಉಳಿದ ಮನೆಯ ಮಗುವಿಗೆ ಪಟ್ಟಿಯ ಅಗತ್ಯವೇ ಕಡಿಮೆ. ಅದರ ಕಿವಿಗೆ ಹ್ರಸ್ವದಲ್ಲೂ ಎರಡು ಸ್ವರಗಳು ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಪುಸ್ತಕದ ಉಚ್ಚಾರವನ್ನಷ್ಟೇ ಕೇಳಿ ಬೆಳೆದ ಮಗು ಮಾತ್ರ ಎಲ್ಲ ಪದಗಳನ್ನೂ ಬಾಯಿಪಾಠ ಮಾಡಬೇಕಾಗುತ್ತದೆ, ಮತ್ತು ಬೇರಿನೊಳಗಿನ ‘ಎಯ್’ ಹಿಂದೆ ಸರಿದಷ್ಟೂ ಅಂತಹ ಮಕ್ಕಳ ಸಂಖ್ಯೆ ಬೊಹೀಮಿಯದಲ್ಲೂ ಏರುತ್ತದೆ.